ಮನೆಯಲ್ಲಿ ಅಚ್ಚಾಗುವ ವಿದ್ಯುನ್ಮಂಡಲ: ಟೋನರ್ ವರ್ಗಾವಣೆಯ ಪೂರ್ವೇತಿಹಾಸ

ನಮ್ಮ ಕಾಲೇಜುಗಳಲ್ಲಿ ವಿದ್ಯುನ್ಮಾನ ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲ ಕೈಕೆಲಸವೊಂದುಂಟು. ತಾಮ್ರದ ತೆಳುಹಾಳೆಯನ್ನು ಅಂಟಿಸಿದ ಹಲಗೆಯ ತುಂಡೊಂದನ್ನು ತಂದು, ಚೆನ್ನಾಗಿ ಉಜ್ಜಿ ಬೆಳಗಿ, ಲೇಸರ್ ಮುದ್ರಕದಿಂದ ನುಣುಪು ಕಾಗದದ ಮೇಲೆ ಅಚ್ಚುಮಾಡಿಕೊಂಡ ಮಂಡಲದ ನಕ್ಷೆಯನ್ನು ಅದರ ಮೇಲೆ ಬೋರಲಾಗಿ ಇಡುತ್ತಾರೆ. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯಿಂದ ಕೆಲವು ನಿಮಿಷಗಳ ಕಾಲ ಬಲವಾಗಿ ಒತ್ತುತ್ತಾರೆ. ಆಮೇಲೆ ಅದನ್ನು ನೀರಿನಲ್ಲಿ ನೆನೆಹಾಕಿ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದರೆ, ಮುದ್ರಕದ ಕಪ್ಪು ಪುಡಿ ಗೆರೆಗೆರೆಯಾಗಿ ತಾಮ್ರವನ್ನು ಕಚ್ಚಿಕೊಂಡಿರುತ್ತದೆ. ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಟ್ಟಾಗ ಬಯಲಾಗಿರುವ ತಾಮ್ರವೆಲ್ಲವೂ ಕರಗಿಹೋಗಿ, ಕಪ್ಪು ಗೆರೆಯ ಮರೆಯಲ್ಲಿರುವ ತಾಮ್ರ ಮಾತ್ರ ತಂತಿಯ ಹಾಗೆ ಉಳಿಯುತ್ತದೆ. ಇದಕ್ಕೆ ಟೋನರ್ ವರ್ಗಾವಣೆಯ ವಿಧಾನವೆಂದು ಹೆಸರು.

ಈ ವಿಧಾನವನ್ನು ಕಂಡುಹಿಡಿದವರು ಯಾರು? ಮುದ್ರಿತ ವಿದ್ಯುನ್ಮಂಡಲಕ್ಕೆ ಪಾಲ್ ಐಸ್ಲರ್, ಟೋನರಿಗೆ ಚೆಸ್ಟರ್ ಕಾರ್ಲ್‌ಸನ್ ಎಂದು ಎರಡು ಹೆಸರುಗಳನ್ನು ಹೇಳಿ ಪಠ್ಯಪುಸ್ತಕಗಳು ಮುಂದೆ ಹೋಗುತ್ತವೆ. ಇವೆರಡೂ ದೊಡ್ಡ ಹೆಸರುಗಳೇ ಸರಿ. ಆದರೆ ವಿಷಯವನ್ನು ಇಷ್ಟಕ್ಕೇ ಬಿಟ್ಟರೆ ಮುದ್ರಿತ ಮಂಡಲವೆಂಬುದು ರೇಡಿಯೋ ಕಾರ್ಯಾಗಾರದಲ್ಲಿ ಹುಟ್ಟಿದ ಕೂಸು ಎಂಬ ಭಾವನೆ ನೆಲೆಯೂರುತ್ತದೆ. ಅದು ಹುಟ್ಟಿದುದು ಅಚ್ಚುಕೂಟದಲ್ಲಿ ಎಂಬುದು ನಮ್ಮ ಅಭಿಪ್ರಾಯ. 'ಮುದ್ರಿತ' ಎಂಬ ವಿಶೇಷಣವನ್ನು ನಾವು ಈಗ ಅರ್ಥವನ್ನು ಗಮನಿಸದೆ ಬಳಸುತ್ತೇವೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಇದು ಬರಿಯ ಹೆಸರಿನ ಜಿಜ್ಞಾಸೆಯಲ್ಲ. ಈ ಪ್ರಶ್ನೆಯೇ ಎರಡು ದೇಶಗಳ ನ್ಯಾಯಾಲಯಗಳ ಮುಂದೆ ಬಂದಿತ್ತು, ಅದರ ತೀರ್ಮಾನದಿಂದ ಒಬ್ಬ ಮನುಷ್ಯನ ಬದುಕಿನ ದುಡಿಮೆಗೆ ಬೆಲೆ ಕಟ್ಟಲಾಯಿತು ಎಂಬುದನ್ನು ಮುಂದೆ ನೋಡುತ್ತೇವೆ.

ಮೊದಲು ವಿಧಾನವನ್ನು ಬಿಡಿಸಿ ನೋಡೋಣ. ಅದರಲ್ಲಿ ಮೂರು ಕ್ರಿಯೆಗಳು ಸೇರಿವೆ. ಲೋಹದ ಒಂದು ಭಾಗವನ್ನು ಜಿಡ್ಡು ಅಥವಾ ರಾಳದಿಂದ ಮರೆಮಾಡಿ ಉಳಿದುದನ್ನು ರಾಸಾಯನಿಕದಿಂದ ತಿನ್ನಿಸುವುದು ಒಂದು. ರಾಳವನ್ನು ಪುಡಿಯ ರೂಪದಲ್ಲಿ ಹಾಕಿ ಕಾಯಿಸಿ ಅಂಟಿಸುವುದು ಇನ್ನೊಂದು. ಚಿತ್ರವನ್ನು ಮೊದಲು ಕಾಗದದ ಮೇಲೆ ಪಡೆದು, ಅಲ್ಲಿಂದ ಬೇರೆ ವಸ್ತುವಿನ ಮೇಲಕ್ಕೆ ದಾಟಿಸುವುದು ಮೂರನೆಯದು. ವಿದ್ಯುತ್ತಿನ ಗಂಧವೇ ಇಲ್ಲದ ಕಾಲದಲ್ಲಿ ಈ ಮೂರೂ ಕುಶಲಕರ್ಮಿಗಳಿಗೆ ಚೆನ್ನಾಗಿ ತಿಳಿದಿದ್ದುವು.

ಮೊದಲನೆಯದು ಯೂರೋಪಿನ ಕವಚಗಾರರಿಂದ ಬಂದ ವಿದ್ಯೆ. ಉಕ್ಕಿನ ಕವಚದ ಮೇಲೆ ಉಳಿಯಿಂದ ಬಳ್ಳಿ ಹೂಗಳನ್ನು ಕೊರೆಯುವುದು ಬಹಳ ಕಷ್ಟವಾದುದರಿಂದ, ಮೇಣವನ್ನೋ ಕಪ್ಪು ರಾಳವನ್ನೋ ಬಳಿದು, ಬೇಕಾದ ಕಡೆ ಕೆರೆದು, ಆಮ್ಲದಿಂದ ತಿನ್ನಿಸುವ ಉಪಾಯವನ್ನು ಅವರು 15ನೆಯ ಶತಮಾನದ ಹೊತ್ತಿಗೆ ರೂಢಿಸಿಕೊಂಡಿದ್ದರು. ಆಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ ಇದೇ ಕಸಬಿನವನು. ಕವಚದ ಮೇಲೆ ಮಾಡುವುದನ್ನು ಸಪಾಟಾದ ಕಬ್ಬಿಣದ ತಗಡಿನ ಮೇಲೆ ಮಾಡಿ, ಕೊರೆದ ಗುಳಿಗಳಿಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ಚಿತ್ರ ತೆಗೆಯಬಹುದೆಂದು 1500ರ ಸುಮಾರಿಗೆ ಮೊದಲು ತೋರಿಸಿಕೊಟ್ಟವನು ಅವನೆಂದು ಪ್ರತೀತಿ. ಇಸವಿಯನ್ನು ನಮೂದಿಸಿರುವ ಇಂತಹ ಚಿತ್ರಗಳಲ್ಲಿ ಅತ್ಯಂತ ಹಳೆಯದು ಸ್ವಿಟ್ಜರ್ಲೆಂಡಿನ ಉರ್ಸ್ ಗ್ರಾಫನದು, 1513ರದು. ಅಲ್ಲಿಂದ ರೆಂಬ್ರಾಂಟನವರೆಗೆ ಈ ಕಲೆ ಏರಿದ ಎತ್ತರವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಮ್ಮ ಪ್ರಕೃತಕ್ಕೆ ಬೇಕಾದ ಒಂದು ಮಾತು ಇಷ್ಟೆ: ಚಿತ್ರಕಾರನು ತಗಡಿನ ಮೇಲೆ ಬಲಗಡೆ ಬರೆದುದು ಕಾಗದದ ಮೇಲೆ ಎಡಗಡೆಗೆ ಬರುತ್ತದೆ. ಈ ಎಡಬಲಗಳ ತೊಡಕು ಐದು ನೂರು ವರ್ಷಗಳಿಂದ ಅಚ್ಚಿನವರನ್ನು ಕಾಡಿದೆ; ನಮ್ಮನ್ನೂ ಕಾಡಿತು.

ಎರಡನೆಯದು ಹದಿನೆಂಟನೆಯ ಶತಮಾನದ ಫ್ರಾನ್ಸಿನದು. ಗೆರೆಗಳಿಂದಲ್ಲದೆ ತೆಳು ಛಾಯೆಗಳಿಂದ ಚಿತ್ರ ಮೂಡಿಸಬೇಕೆಂದು ಹಂಬಲಿಸಿದವರಲ್ಲಿ ಲ ಪ್ರಾನ್ಸ್ ಎಂಬ ಚಿತ್ರಕಾರನೊಬ್ಬ. 1768ರ ಸುಮಾರಿನಲ್ಲಿ ಆತ ಬಳಕೆಗೆ ತಂದ ಕ್ರಮದಲ್ಲಿ ರಾಳದ ನುಣ್ಣನೆಯ ಪುಡಿಯನ್ನು ತಾಮ್ರದ ತಗಡಿನ ಮೇಲೆ ದೂಳಿನಂತೆ ಉದುರಿಸಿ, ಕೆಳಗಿನಿಂದ ಬಿಸಿಮಾಡುತ್ತಾರೆ. ಒಂದೊಂದು ಕಣವೂ ಕರಗಿ ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಕಣಗಳ ನಡುವಣ ತಾಮ್ರವನ್ನು ಆಮ್ಲವು ತಿನ್ನುತ್ತದೆ. ಲೇಸರ್ ಮುದ್ರಕದ ಟೋನರ್ ಏನೆಂದು ಬಲ್ಲವರಿಗೆ ಈ ವರ್ಣನೆ ಆಶ್ಚರ್ಯವನ್ನುಂಟುಮಾಡಬೇಕು. ಟೋನರೂ ರಾಳದ ಪುಡಿಯೇ. ಅದು ಕೃತಕ ರಾಳ, ಇಂಗಾಲದ ಮಸಿ ಬೆರೆತದ್ದು, ಕಣದ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನದು. ಉದುರಿಸುವ ಕೆಲಸವನ್ನು ಕೈಗೆ ಬದಲಾಗಿ ವಿದ್ಯುದಾವೇಶ ಮಾಡುತ್ತದೆ. ಕಾಯಿಸಿ ಅಂಟಿಸುವುದು, ತಾಮ್ರವನ್ನು ಕಾಯುವುದು, ಇವುಗಳಲ್ಲಿ ವ್ಯತ್ಯಾಸವೇನೂ ಇಲ್ಲ.

ಮೂರನೆಯದಾದ ವರ್ಗಾವಣೆಗೆ ಲಿವರ್‌ಪೂಲಿನ ಕುಂಬಾರಿಕೆಯಲ್ಲಿ ಒಳ್ಳೆಯ ಉದಾಹರಣೆಯಿದೆ. ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು 1756ರ ಜುಲೈ 27ರಂದು, ಬೇರೆಯವರ ನೆರವಿಲ್ಲದೆ, ಆರು ಗಂಟೆಗಳೊಳಗೆ 1200ಕ್ಕೂ ಹೆಚ್ಚು ಹಂಚುಬಿಲ್ಲೆಗಳ ಮೇಲೆ ಚಿತ್ರಗಳನ್ನು ಅಚ್ಚೊತ್ತಿದುದಾಗಿ ಪ್ರಮಾಣಪತ್ರ ಮಾಡಿದ್ದಾರೆ. ಕೊರೆದ ಫಲಕದಿಂದ ತೆಗೆದ ಮಸಿಯ ಚಿತ್ರವನ್ನು ಬಿಲ್ಲೆಗೆ ದಾಟಿಸುವುದೇ ಅದರ ಮರ್ಮ. ಕೈಯಿಂದ ಬರೆಯುವ ನೂರು ಮಂದಿ ಚಿತ್ರಗಾರರೂ ಆ ವೇಳೆಯಲ್ಲಿ ಅಷ್ಟನ್ನು ಅಷ್ಟು ಚೆನ್ನಾಗಿ ಮಾಡಲಾರರೆಂದು ಊರಿನ ಕುಂಬಾರರೂ ಸಾಕ್ಷಿ ನುಡಿದರು. ಆ ನೂರು ಮಂದಿ ಮುಂದೆ ಏನು ಮಾಡಿದರೆಂಬುದನ್ನು ಪ್ರಮಾಣಪತ್ರ ಹೇಳುವುದಿಲ್ಲ.

ಈ ಮೂರು ಎಳೆಗಳು ಒಂದೆಡೆ ಹೆಣೆದುಕೊಳ್ಳುವುದಕ್ಕೆ ಕಲ್ಲಚ್ಚು ಬರಬೇಕಾಯಿತು. 1796ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಮ್ಯೂನಿಕ್ಕಿನ ಅಲೋಯಿಸ್ ಸೆನೆಫೆಲ್ಡರ್, ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಜಿಡ್ಡು ಮತ್ತು ನೀರು ಒಂದನ್ನೊಂದು ಕೂಡಲಾರವೆಂಬ ಸಾಮಾನ್ಯ ಸಂಗತಿಯ ಬಲದಿಂದಲೇ ಅಚ್ಚು ತೆಗೆಯುವ ಕ್ರಮವನ್ನು ಸಿದ್ಧಪಡಿಸಿದನು. ಕಲ್ಲಿನ ಮೇಲೆ ನೇರವಾಗಿ ಬರೆಯುವವನು ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಬೇಕು. ಈ ಸಂಕಟವನ್ನು ತಪ್ಪಿಸಲು ಸೆನೆಫೆಲ್ಡರನೇ ಇನ್ನೊಂದು ಉಪಾಯ ಮಾಡಿದನು: ನೀರಿನಲ್ಲಿ ಕರಗುವ ಅಂಟನ್ನು ಲೇಪಿಸಿದ ಕಾಗದದ ಮೇಲೆ ಸರಿಯಾಗಿ ಬರೆದು, ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿ, ಕಾಗದವನ್ನು ನೆನೆಸಿ ತೆಗೆದರೆ, ಲೇಪ ಕರಗಿ ಮಸಿ ಮಾತ್ರ ಕಲ್ಲಿಗೆ ಇಳಿಯುತ್ತದೆ. ಇಂದು ಟೋನರ್ ವರ್ಗಾವಣೆಗೆಂದೇ ಮಾರುವ ಕಾಗದಗಳಲ್ಲಿ ಕೆಲವಕ್ಕೆ ಗಂಜಿಯ ಜಾತಿಯದೇ ಆದ ಡೆಕ್ಸ್‌ಟ್ರಿನ್ನಿನ ಲೇಪವಿರುತ್ತದೆ. ನೀರು ತಾಗಿದೊಡನೆ ಕಾಗದ ತಾನಾಗಿ ಕಳಚಿಕೊಳ್ಳುತ್ತದೆ. ವಾರಪತ್ರಿಕೆಗಳ ನುಣುಪು ಹಾಳೆಯಲ್ಲಿ ಆ ಕೆಲಸವನ್ನು ಬಿಳಿಯ ಜೇಡಿಮಣ್ಣಿನ ಲೇಪ ಅಷ್ಟಿಷ್ಟು ಮಾಡುತ್ತದೆ.

ಕಲ್ಲಚ್ಚು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಹೊರತಂದುದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿಯೇ. ಅಚ್ಚುಮೊಳೆಗಳು ಇಲ್ಲದ ಕಡೆ ಬರೆಯಬಲ್ಲ ಒಂದು ಕೈಯೂ ಒಂದು ಕಲ್ಲೂ ಇದ್ದರೆ ಪತ್ರಿಕೆ ನಡೆಯುತ್ತದೆ ಎಂಬುದನ್ನು ಅದು ತೋರಿಸಿತು. ದೊಡ್ಡ ಬಂಡವಾಳವಿಲ್ಲದವನ ಮುದ್ರಣ ಎಂಬ ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಟೋನರ್ ವರ್ಗಾವಣೆಗೂ ಅದೇ ಗುಣವಿದೆ.

ನಮ್ಮ ವಾದಕ್ಕೆ ಅತ್ಯಂತ ಬಲವಾದ ಆಧಾರವಾಗಿರುವವನು ಪ್ಯಾರಿಸ್ಸಿನ ಫಿರ್ಮಾನ್ ಜಿಲೋ. 1850ರಲ್ಲಿ ಈತ ಹಕ್ಕುಪತ್ರ ಪಡೆದ ವಿಧಾನವನ್ನು ನೋಡಿ. ಚಿತ್ರವನ್ನು ಜಿಡ್ಡುಮಸಿಯಲ್ಲಿ ಕಾಗದದ ಮೇಲೆ ಪಡೆಯುತ್ತಾರೆ. ಅದನ್ನು ಸತುವಿನ ತಗಡಿಗೆ ದಾಟಿಸುತ್ತಾರೆ. ಮಸಿಯ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ, ಗಟ್ಟಿಮಾಡುತ್ತಾರೆ. ತಗಡನ್ನು ಆಮ್ಲಕ್ಕೆ ಇಳಿಸುತ್ತಾರೆ. ಮಸಿಯಿಲ್ಲದ ಕಡೆ ಸತುವು ಕರಗಿ, ಗೆರೆಗಳು ಉಬ್ಬಾಗಿ ನಿಲ್ಲುತ್ತವೆ. ಆ ಉಬ್ಬುಫಲಕವನ್ನು ಅಚ್ಚುಮೊಳೆಗಳ ಜೊತೆಯಲ್ಲಿಯೇ ಕೂಡಿಸಿ ಅಚ್ಚುಮಾಡಬಹುದು. 'ಸತು' ಎಂಬಲ್ಲಿ 'ತಾಮ್ರ' ಎಂದೂ, 'ಜಿಡ್ಡುಮಸಿ, ರಾಳದ ಪುಡಿ' ಎಂಬಲ್ಲಿ 'ಟೋನರ್' ಎಂದೂ ಓದಿಕೊಂಡರೆ ನಮ್ಮ ವಿದ್ಯಾರ್ಥಿಗಳು ಹಾಸ್ಟೆಲಿನ ಕೋಣೆಯಲ್ಲಿ ಮಾಡುವುದು ಇದನ್ನೇ. ಜಿಲೋ ಕಂಡ ತೊಂದರೆಯೂ ಅವರು ಕಾಣುವ ತೊಂದರೆಯೇ. ಆಮ್ಲವು ಕೆಳಮುಖವಾಗಿ ಮಾತ್ರ ತಿನ್ನದೆ ಪಕ್ಕಕ್ಕೂ ಹರಿದು ಗೆರೆಯ ಬುಡವನ್ನು ಕೊರೆಯುತ್ತದೆ. ಅದಕ್ಕಾಗಿ ಅಚ್ಚುಫಲಕದವರು ಸ್ವಲ್ಪ ತಿನ್ನಿಸಿ, ಹೊರತೆಗೆದು, ಗೆರೆಯ ಮಗ್ಗುಲಿಗೆ ಮತ್ತೆ ಪುಡಿ ಮೆತ್ತಿ, ಕಾಯಿಸಿ, ಪುನಃ ತಿನ್ನಿಸುತ್ತಿದ್ದರು. ಮಂಡಲದ ಹಲಗೆಯಲ್ಲಿ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನು ಮಾತ್ರ ಇರುವುದರಿಂದ ನಮಗೆ ಅಷ್ಟು ಶ್ರಮ ಬೇಕಾಗಿಲ್ಲ.

ಇನ್ನು ವಿದ್ಯುತ್ತಿನ ಕಡೆಗೆ ಬರೋಣ. ತಂತಿಗಳನ್ನು ಒಂದೊಂದಾಗಿ ಬೆಸೆಯುವ ಬದಲು ಸಪಾಟಾದ ಹಾಳೆಯ ಮೇಲೆ ಒಟ್ಟಿಗೆ ಪಡೆಯಬೇಕೆಂಬ ಆಲೋಚನೆ ಹಳೆಯದು. ಬರ್ಲಿನ್ನಿನ ಆಲ್ಬರ್ಟ್ ಹ್ಯಾನ್ಸನ್ 1903ರಲ್ಲಿಯೇ ಲೋಹದ ಪಟ್ಟಿಗಳನ್ನು ಕಾಗದಕ್ಕೆ ಅಂಟಿಸಿ, ಪದರದ ಮೇಲೆ ಪದರವಿಟ್ಟು, ರಂಧ್ರಗಳ ಮೂಲಕ ಕೂಡಿಸುವ ಕ್ರಮವನ್ನು ತನ್ನ ಹಕ್ಕುಪತ್ರದಲ್ಲಿ ವರ್ಣಿಸಿದ್ದಾನೆ. 1913ರಲ್ಲಿ ಇಂಗ್ಲೆಂಡಿನ ಆರ್ಥರ್ ಬೆರ್ರಿ ಅಚ್ಚುಮಾಡಿ ತಿನ್ನಿಸುವ ವಿಧಾನಕ್ಕೂ, 1925ರಲ್ಲಿ ಅಮೆರಿಕದ ಚಾರ್ಲ್ಸ್ ಡ್ಯುಕಾಸ್ ವಿದ್ಯುಲ್ಲೇಪನದಿಂದ ಗೆರೆ ಬೆಳೆಸುವ ವಿಧಾನಕ್ಕೂ ಹಕ್ಕು ಕೋರಿದರು. ಇವು ಯಾವುವೂ ಬಳಕೆಯಲ್ಲಿ ಬೇರುಬಿಡಲಿಲ್ಲ.

ಪಾಲ್ ಐಸ್ಲರನು 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದಿ. ಎಂಜಿನಿಯರಿಂಗ್ ಪದವೀಧರನಾದರೂ ಕೆಲಸ ಸಿಕ್ಕದೆ, ಪತ್ರಿಕೆ ಮತ್ತು ಮುದ್ರಣದ ನಂಟಿನಲ್ಲಿ ಕೆಲಕಾಲ ಕಳೆದವನು. 1936ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದು, ಲಂಡನ್ನಿನ ಬಾಡಿಗೆ ಕೋಣೆಯೊಂದರಲ್ಲಿ ಮುದ್ರಿತ ಮಂಡಲದ ರೇಡಿಯೋ ಒಂದನ್ನು ತಯಾರಿಸಿದನು. ಅದನ್ನು ಒಂದು ದೊಡ್ಡ ಕಂಪನಿಗೆ ಒಯ್ದು ತೋರಿಸಿದಾಗ, ತಂತಿ ಬೆಸೆಯುವ ಕೆಲಸವನ್ನು ಹೆಣ್ಣುಮಕ್ಕಳು ಮಾಡುತ್ತಾರೆ, ಅವರು ಇದಕ್ಕಿಂತ ಅಗ್ಗ, ಹೇಳಿದಂತೆ ಬದಲಾಯಿಸಿಕೊಳ್ಳಲೂ ಅನುಕೂಲ ಎಂಬರ್ಥದ ಉತ್ತರ ಬಂದಿತೆಂದು ಆತ ತನ್ನ ಬಾಳಿನ ಕಥೆಯಲ್ಲಿ ಹೇಳಿಕೊಂಡಿದ್ದಾನೆ. ಲಿವರ್‌ಪೂಲಿನ ನೂರು ಚಿತ್ರಗಾರರ ಮಾತು ಇಲ್ಲಿ ತಲೆಕೆಳಗಾಗಿ ಬಂದಿರುವುದನ್ನು ಗಮನಿಸಬೇಕು. ಅಲ್ಲಿ ಕೈಗೆಲಸ ದುಬಾರಿಯಾಗಿ ಅಚ್ಚು ಗೆದ್ದಿತು; ಇಲ್ಲಿ ಕೈಗೆಲಸ ಅಗ್ಗವೆಂದು ಅಚ್ಚು ಸೋತಿತು. ಒಂದು ಯಂತ್ರವಿಧಾನ ಬಳಕೆಗೆ ಬರುವ ಕಾಲವನ್ನು ಅದರ ಗುಣವೊಂದೇ ನಿರ್ಣಯಿಸುವುದಿಲ್ಲ, ಅದು ಯಾರ ಕೂಲಿಯ ಬದಲಿಗೆ ನಿಲ್ಲುತ್ತದೆ ಎಂಬುದೂ ನಿರ್ಣಯಿಸುತ್ತದೆ.

ಯುದ್ಧ ಬಂದಾಗ ಐಸ್ಲರನನ್ನು ಶತ್ರುದೇಶದವನೆಂದು ಬಂಧನದಲ್ಲಿರಿಸಿದರು. ಬಿಡುಗಡೆಯಾದ ಮೇಲೆ ಅವನಿಗೆ ಆಶ್ರಯ ದೊರೆತುದು ಯಾವ ರೇಡಿಯೋ ಸಂಸ್ಥೆಯಲ್ಲಿಯೂ ಅಲ್ಲ, ಹೆಂಡರ್ಸನ್ ಮತ್ತು ಸ್ಪಾಲ್ಡಿಂಗ್ ಎಂಬ ಅಚ್ಚುಕೂಟದಲ್ಲಿ. ಸಂಗೀತದ ಸ್ವರಲಿಪಿಯನ್ನು ಅಚ್ಚುಹಾಕುತ್ತಿದ್ದ ಮನೆ ಅದು. ಈ ಸಂಗತಿಯನ್ನು ತಾಂತ್ರಿಕ ಇತಿಹಾಸಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ನಮಗೆ ಇದು ಮುಖ್ಯವಾಗಿ ಕಾಣುತ್ತದೆ. ಕಲ್ಲಚ್ಚಿನ ಸಂತತಿಗೆ ಸೇರಿದ ಯಂತ್ರಗಳು, ಫಲಕ ತಿನ್ನಿಸುವ ತೊಟ್ಟಿಗಳು, ಮಸಿಯ ಹದ ಬಲ್ಲ ಕೆಲಸಗಾರರು ಎಲ್ಲರೂ ಅಂಥ ಕಡೆಯಲ್ಲಿ ಮೊದಲೇ ಇದ್ದರು. 1943ರ ಫೆಬ್ರವರಿಯಲ್ಲಿ ಆತ ಸಲ್ಲಿಸಿದ ಹಕ್ಕುಕೋರಿಕೆಯ ಸಾರವೂ ಅಚ್ಚಿನವರ ಭಾಷೆಯಲ್ಲಿಯೇ ಇದೆ: ವಿದ್ಯುತ್ ಹರಿಯದ ಹಲಗೆಗೆ ಅಂಟಿಸಿದ ಲೋಹದ ಹಾಳೆಯ ಮೇಲೆ ತಡೆಮಸಿಯಿಂದ ನಕ್ಷೆಯನ್ನು ಅಚ್ಚುಮಾಡಿ, ಉಳಿದ ಲೋಹವನ್ನು ತಿನ್ನಿಸುವುದು.

ಇಲ್ಲಿ ಒಂದು ಪ್ರಚಲಿತ ತಪ್ಪನ್ನು ತಿದ್ದಬೇಕಾಗಿದೆ. ಐಸ್ಲರನ ವಿಧಾನವನ್ನು ಅಮೆರಿಕನ್ನರು ಯುದ್ಧಕಾಲದಲ್ಲಿಯೇ ಸಾಮೀಪ್ಯ ಫ್ಯೂಸುಗಳಲ್ಲಿ, ಎಂದರೆ ಗುರಿಯ ಹತ್ತಿರಕ್ಕೆ ಬಂದೊಡನೆ ತಾನೇ ಸಿಡಿಸುವ ಗುಂಡಿನ ರೇಡಿಯೋಗಳಲ್ಲಿ, ಬಳಸಿದರೆಂದು ಹಲವು ಪುಸ್ತಕಗಳು ಬರೆಯುತ್ತವೆ. ಫ್ಯೂಸಿನಲ್ಲಿ ಮುದ್ರಿತ ಮಂಡಲವಿದ್ದುದು ನಿಜ. ಆದರೆ ಮಾರ್ಟರ್ ಗುಂಡುಗಳಿಗಾಗಿ ಮಿಲ್ವಾಕಿಯ ಸೆಂಟ್ರಲಾಬ್ ಸಂಸ್ಥೆ ತಯಾರಿಸಿದುದು ಪಿಂಗಾಣಿಯ ಬಿಲ್ಲೆಯ ಮೇಲೆ ಬೆಳ್ಳಿಯ ಬಣ್ಣವನ್ನು ಜಾಲರಿಯ ಮೂಲಕ ಒತ್ತಿ, ಸುಟ್ಟು, ಇಂಗಾಲದ ಲೇಪದಿಂದ ರೋಧಕಗಳನ್ನು ಮಾಡಿದ ಮಂಡಲ. ಅಲ್ಲಿ ಲೋಹವನ್ನು ಕೂಡಿಸುತ್ತಾರೆಯೇ ಹೊರತು ತಿನ್ನಿಸಿ ಕಳೆಯುವುದಿಲ್ಲ. ಇವೆರಡೂ ಮುದ್ರಣದ ಮಕ್ಕಳೇ ಆದರೂ ಬೇರೆ ಬೇರೆ ತಾಯಂದಿರ ಮಕ್ಕಳು; ಒಂದು ಕುಂಬಾರಿಕೆಯದು, ಇನ್ನೊಂದು ಫಲಕಕೊರೆತದ್ದು. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಗಾಗಿ ಬ್ರುನೆಟ್ಟಿ ಮತ್ತು ಕರ್ಟಿಸ್ ಎಂಬಿಬ್ಬರು ಸಿದ್ಧಪಡಿಸಿದ ಸಮೀಕ್ಷೆಯು ಮುದ್ರಿತ ಮಂಡಲದ ವಿಧಾನಗಳನ್ನು ಬಳಿಯುವುದು, ಎರಚುವುದು, ರಾಸಾಯನಿಕವಾಗಿ ನಿಲ್ಲಿಸುವುದು, ನಿರ್ವಾತದಲ್ಲಿ ಲೇಪಿಸುವುದು, ಅಚ್ಚಿನಿಂದ ಕತ್ತರಿಸುವುದು, ಪುಡಿ ಉದುರಿಸುವುದು ಎಂದು ಆರು ವರ್ಗಗಳಾಗಿ ಮಾಡಿದೆ. ಆ ಆರು ತಲೆಬರಹಗಳಲ್ಲಿ ತಿನ್ನಿಸುವುದಕ್ಕೆ ಸ್ವಂತ ಸ್ಥಾನವಿಲ್ಲ. ಅಮೆರಿಕದಲ್ಲಿ ತಾಮ್ರದ ಹಾಳೆಯ ಹಲಗೆ ಮುಂದೆ ಬಂದುದು 1949ರಲ್ಲಿ ಸೈನ್ಯದ ಸಂಕೇತ ವಿಭಾಗದ ಏಬ್ರಮ್‌ಸನ್ ಮತ್ತು ಡ್ಯಾಂಕೋ ಅವರು ಎಲ್ಲ ಬೆಸುಗೆಗಳನ್ನೂ ಕರಗಿದ ಸೀಸ-ತವರದಲ್ಲಿ ಒಂದೇ ಸಲ ಅದ್ದಿ ಮಾಡಬಹುದೆಂದು ತೋರಿಸಿದ ಮೇಲೆ. ತಂತಿ ಬೆಸೆಯುವ ಹೆಣ್ಣುಮಕ್ಕಳ ಕೂಲಿಯ ಲೆಕ್ಕ ಆಗ ಬದಲಾಯಿತು.

ಐಸ್ಲರನ ಇಂಗ್ಲಿಷ್ ಹಕ್ಕುಪತ್ರಗಳು 1950ರಲ್ಲಿ ದೊರೆತುವು. ಅವುಗಳ ಒಡೆತನವಿದ್ದ ಟೆಕ್ನೋಗ್ರಾಫ್ ಸಂಸ್ಥೆ ಅಮೆರಿಕದಲ್ಲಿ ಬೆಂಡಿಕ್ಸ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1963ರಲ್ಲಿ ಸೋತಿತು. ಮರುವರ್ಷ ಮೇಲ್ಮನವಿಯೂ ಬಿದ್ದುಹೋಯಿತು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಪ್ರಭುಸಭೆಯೂ ಇನ್ನೊಂದು ಮೊಕದ್ದಮೆಯಲ್ಲಿ ಈ ಹಕ್ಕುಪತ್ರದ ವಿರುದ್ಧವೇ ತೀರ್ಪು ಕೊಟ್ಟಿತು. ಹಳೆಯ ವಿದ್ಯೆಗಳನ್ನು ಬಲ್ಲ ಕುಶಲನಿಗೆ ಇದು ಸಹಜವಾಗಿಯೇ ಹೊಳೆಯತಕ್ಕದ್ದು, ಹೊಸ ಶೋಧವೆನ್ನುವಂತಿಲ್ಲ ಎಂಬುದು ವಿವಾದದ ತಿರುಳು.

ಅಚ್ಚುಕೂಟವೇ ತವರು ಎಂದು ವಾದಿಸುತ್ತಿರುವ ನಾವು ಈ ತೀರ್ಪನ್ನು ಒಪ್ಪಬೇಕೆಂದು ತೋರಬಹುದು. ಆದರೆ ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಜಿಲೋನ ವಿಧಾನ 1850ರಿಂದಲೂ, ರೇಡಿಯೋ ತಯಾರಿಕೆ 1920ರ ದಶಕದಿಂದಲೂ ಎಲ್ಲರ ಕಣ್ಣ ಮುಂದೆ ಇದ್ದುವು. ಫಲಕ ತಿನ್ನಿಸುವವನಿಗೆ ರೇಡಿಯೋ ಗೊತ್ತಿರಲಿಲ್ಲ. ರೇಡಿಯೋ ಮಾಡುವವನು ಅಚ್ಚುಕೂಟದ ಬಾಗಿಲು ತುಳಿದಿರಲಿಲ್ಲ. ಎರಡು ಮನೆಗಳ ನಡುವಣ ಗೋಡೆಯಲ್ಲಿ ಬಾಗಿಲು ತೆರೆದವನು ಇಟ್ಟಿಗೆಯನ್ನು ತಾನು ಸುಡಲಿಲ್ಲವೆಂದು ಅವನ ಕೆಲಸವನ್ನು ಅಲ್ಲಗಳೆಯಲಾಗದು. ಹಿಂದಿನಿಂದ ನೋಡಿದರೆ ಎಲ್ಲ ಬಾಗಿಲೂ ಇರಬೇಕಾದಲ್ಲಿಯೇ ಇರುವಂತೆ ಕಾಣುತ್ತದೆ. ಕಾನೂನಿನ ಅಳತೆ ಬೇರೆ, ಇತಿಹಾಸದ ಅಳತೆ ಬೇರೆ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ಐಸ್ಲರನು 1992ರಲ್ಲಿ ತೀರಿಕೊಂಡನು.

ಕಾರ್ಲ್‌ಸನ್ನನ ಕಥೆ ಹೆಚ್ಚು ಪರಿಚಿತವಾದುದರಿಂದ ಬೇಗ ಹೇಳುತ್ತೇವೆ. ವಿದ್ಯುತ್ ಉಪಕರಣಗಳ ಕಂಪನಿಯೊಂದರ ಹಕ್ಕುಪತ್ರ ವಿಭಾಗದಲ್ಲಿ ಪ್ರತಿಗಳನ್ನು ಮಾಡಿಸಿ ಮಾಡಿಸಿ ಬೇಸತ್ತ ಈತ, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಕೋಣೆಯೊಂದರಲ್ಲಿ, ಓಟೋ ಕೋರ್ನೈ ಎಂಬ ಸಹಾಯಕನೊಡನೆ ಮೊದಲ ಒಣ ಪ್ರತಿಯನ್ನು ತೆಗೆದನು. ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶಗೊಳಿಸಿ, ದಿನಾಂಕ ಮತ್ತು ಸ್ಥಳದ ಹೆಸರನ್ನು ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟು, ಸಸ್ಯದ ನುಣ್ಣನೆಯ ಬೀಜಕಣಗಳ ಪುಡಿಯನ್ನು ಉದುರಿಸಿ ಊದಿದಾಗ ಅಕ್ಷರಗಳು ನಿಂತುವು. ಇಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಅಂಶವಿದೆ. ಆ ಪುಡಿಯ ಚಿತ್ರವನ್ನು ಅವರು ತಗಡಿನ ಮೇಲೆಯೇ ಬಿಡದೆ, ಮೇಣಗಾಗದವನ್ನು ಒತ್ತಿ, ಬಿಸಿಮಾಡಿ, ಅದಕ್ಕೆ ದಾಟಿಸಿಕೊಂಡರು. ಒಣ ಪ್ರತಿಯ ಕಲೆ ತನ್ನ ಹುಟ್ಟುದಿನದಲ್ಲಿಯೇ ಶಾಖದ ವರ್ಗಾವಣೆಯಾಗಿತ್ತು.

ಇದಕ್ಕೂ ಕಂಪನಿಗಳ ಬಾಗಿಲುಗಳು ಬಹಳ ಕಾಲ ಮುಚ್ಚಿದ್ದುವು. 1944ರಲ್ಲಿ ಬ್ಯಾಟೆಲ್ ಸಂಶೋಧನಾಲಯವೂ ಅನಂತರ ರಾಚೆಸ್ಟರಿನ ಹ್ಯಾಲಾಯ್ಡ್ ಕಂಪನಿಯೂ ಕೈಹಿಡಿದು, ಬೀಜಕಣಗಳ ಬದಲು ಕರಗುವ ರಾಳದ ಪುಡಿ ಬಂದಿತು. 1949ರಲ್ಲಿ ಹ್ಯಾಲಾಯ್ಡ್ ಮಾರಾಟಕ್ಕೆ ತಂದ ಮೊದಲ ಯಂತ್ರ ಕಚೇರಿಗಳಲ್ಲಿ ಸೋತಿತು. ಅದಕ್ಕೆ ಜೀವ ಕೊಟ್ಟವರು ಆಫ್‌ಸೆಟ್ ಅಚ್ಚಿನವರು. ಟೋನರಿನ ಚಿತ್ರ ನೀರನ್ನು ದೂಡಿ ಜಿಡ್ಡುಮಸಿಯನ್ನು ಹಿಡಿಯುವುದರಿಂದ ಅಚ್ಚಿನ ಮೂಲಫಲಕಗಳನ್ನು ಮಾಡಲು ಅದು ಒದಗಿತು. ಟೋನರೂ ಹೀಗೆ ಅಚ್ಚುಕೂಟದಲ್ಲಿಯೇ ಬದುಕಿಕೊಂಡಿತು. 1959ರ ಸೆರಾಕ್ಸ್ 914 ಆ ಮೇಲಿನ ಮಾತು. 1969ರಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಬೆಳಕಿನ ಬದಲು ಲೇಸರ್ ಕಿರಣದಿಂದ ಚಿತ್ರ ಬರೆಯಿಸಿದನು; 1984ರಲ್ಲಿ ಹ್ಯೂಲೆಟ್ ಪ್ಯಾಕರ್ಡಿನ ಲೇಸರ್‌ಜೆಟ್ ಮೇಜಿನ ಮೇಲೆ ಬಂದು ಕುಳಿತಿತು. ಅದು ಅಂಗುಲಕ್ಕೆ 300 ಚುಕ್ಕೆಗಳನ್ನು ಇಡಬಲ್ಲುದು, ಎಂದರೆ ಚುಕ್ಕೆಯಿಂದ ಚುಕ್ಕೆಗೆ 0.085 ಮಿಲಿಮೀಟರು. ಕಾಲು ಮಿಲಿಮೀಟರಿನ ತಾಮ್ರದ ಗೆರೆಗೆ ಮೂರು ಚುಕ್ಕೆಗಳು ಸಾಕು. ಹವ್ಯಾಸಿಗಳಿಗೆ ಬೇಕಾಗಿದ್ದುದು ಇಷ್ಟೇ.

ಅದಕ್ಕೆ ಮೊದಲು ಅವರು ಉಗುರುಬಣ್ಣದಿಂದಲೋ ಡಾಂಬರಿನ ಬಣ್ಣದಿಂದಲೋ ಗೆರೆಗಳನ್ನು ಕೈಯಾರೆ ಬರೆಯುತ್ತಿದ್ದರು. ಉಳ್ಳವರು 1950ರ ದಶಕದಲ್ಲಿ ಬಂದ ಕೊಡಾಕಿನ ಬೆಳಕುಲೇಪವನ್ನು ತರಿಸುತ್ತಿದ್ದರು. ಆ ಲೇಪದಿಂದಲೇ 1957ರ ಹೊತ್ತಿಗೆ ಲಾಥ್ರಾಪ್ ಮತ್ತು ನಾಲ್ ಎಂಬಿಬ್ಬರು ಅರೆವಾಹಕಗಳ ಮೇಲೆ ನಕ್ಷೆ ಮೂಡಿಸುವ ಕ್ರಮವನ್ನು ರೂಪಿಸಿ, ಅದಕ್ಕೆ 'ಫೋಟೋಲಿಥಾಗ್ರಫಿ' ಎಂದು ಹೆಸರಿಟ್ಟರು. ಮಾತಿನ ಅರ್ಥ ಬೆಳಕಿನ ಕಲ್ಲಚ್ಚು. ಕ್ರಿಯೆ ನೋಡಿದರೆ ಕಲ್ಲಚ್ಚಲ್ಲ, ಫಲಕಕೊರೆತ. ಅವರು ದುಡಿಯುತ್ತಿದ್ದುದು ಫ್ಯೂಸುಗಳ ಪ್ರಯೋಗಾಲಯದಲ್ಲಿಯೇ. ಇಂದಿನ ಗಣಕಗಳ ಚಿಪ್ಪುಗಳೆಲ್ಲ ಆ ಹಾದಿಯವು. ಅದು ಬೇರೊಂದು ಲೇಖನದ ವಿಷಯ. ಟೋನರ್ ವರ್ಗಾವಣೆಯನ್ನು ಒಬ್ಬರೇ ಕಂಡುಹಿಡಿದರೆಂದು ಹೇಳಲು ನಮಗೆ ಧೈರ್ಯವಿಲ್ಲ. ಅಮೆರಿಕದ ಡಾನ್ ಲ್ಯಾಂಕಾಸ್ಟರ್ ತನ್ನ ಪತ್ರಿಕಾ ಅಂಕಣಗಳಲ್ಲಿ ಅದನ್ನು ಬಹಳವಾಗಿ ಪ್ರಚಾರಪಡಿಸಿದನು. ಉಳಿದಂತೆ ಅದು ಅಡುಗೆಯ ವಿಧಾನಗಳು ಹರಡುವಂತೆ ಬಾಯಿಂದ ಬಾಯಿಗೆ ಹರಡಿತು.

ಲೇಖನಕ್ಕೆ ಕೈಹಚ್ಚುವ ಮೊದಲು ನಾವೂ ಒಂದು ಹಲಗೆಯನ್ನು ಮಾಡಿ ನೋಡುವುದು ಉಚಿತವೆಂದು ತೋರಿತು. ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತಾಮ್ರದ ಹಲಗೆಯನ್ನೂ ಫೆರಿಕ್ ಕ್ಲೋರೈಡಿನ ಹಳದಿ ಗಟ್ಟಿಗಳನ್ನೂ ತರಿಸಿದೆವು. ಆರಿಸಿಕೊಂಡ ಮಂಡಲ ಎರಡು ಟ್ರಾನ್ಸಿಸ್ಟರುಗಳ ಬಹುಕಂಪಕ. 1919ರಲ್ಲಿ ಅಬ್ರಹಾಂ ಮತ್ತು ಬ್ಲಾಕ್ ಎಂಬ ಫ್ರೆಂಚರು ಕವಾಟಗಳಿಂದ ಮಾಡಿದ್ದರ ವಂಶದ್ದು. ಎರಡು ದೀಪಗಳನ್ನು ಸರದಿಯಂತೆ ಬೆಳಗಿಸುತ್ತದೆ, ಅಷ್ಟೆ.

ಮೊದಲನೆಯ ಹಲಗೆ ಎಡಬಲದಲ್ಲಿ ಕೆಟ್ಟಿತು. ವರ್ಗಾವಣೆಯಲ್ಲಿ ಚಿತ್ರ ತಿರುಗುಮುರುಗಾಗುವುದೆಂದು ಓದಿದ್ದ ನಾವು ನಕ್ಷೆಯನ್ನು ಮೊದಲೇ ತಿರುಗಿಸಿ ಅಚ್ಚುಮಾಡಿದೆವು. ಆದರೆ ನಕ್ಷೆ ಬರೆದಿದ್ದುದು ಬಿಡಿಭಾಗಗಳು ಕೂರುವ ಮೇಲುಗಡೆಯಿಂದ ನೋಡಿದಂತೆ, ತಾಮ್ರವಿರುವುದು ಕೆಳಗಡೆ. ಕೆಳಗಿನಿಂದ ನೋಡುವಾಗ ಅದು ತಾನಾಗಿಯೇ ತಿರುಗಿರಬೇಕು, ವರ್ಗಾವಣೆ ಆ ಕೆಲಸವನ್ನು ಮಾಡಿಕೊಡುತ್ತದೆ. ಎರಡು ಸಲ ತಿರುಗಿಸಿದುದರಿಂದ ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾದುವು. ಹಾಪ್ಫರನ ಶಿಷ್ಯರಿಗೆ ಈ ತಪ್ಪು ಬಾರದು. ಎರಡನೆಯ ಹಲಗೆಯಲ್ಲಿ ಇಸ್ತ್ರಿಪೆಟ್ಟಿಗೆ ಅತಿಯಾಗಿ ಕಾದು, ಕರಗಿದ ಟೋನರ್ ಹರಡಿ, ಅಕ್ಕಪಕ್ಕದ ಗೆರೆಗಳು ಕೂಡಿಕೊಂಡುವು. ಇದರ ನಡುವೆ ವಿದ್ಯಾರ್ಥಿಯೊಬ್ಬರು ಶಾಯಿ ಚಿಮ್ಮಿಸುವ ಮುದ್ರಕದ ಪ್ರತಿಯನ್ನು ತಂದರು; ಅದು ನೀರಿನ ಶಾಯಿ, ರಾಳವಲ್ಲ, ತಾಮ್ರಕ್ಕೆ ಇಳಿಯಲೇ ಇಲ್ಲ. ಮೂರನೆಯದಕ್ಕೆ ತಾಮ್ರವನ್ನು ಉಕ್ಕಿನ ನಾರಿನಿಂದ ಉಜ್ಜಿ, ಬೆರಳು ತಾಗಿಸದೆ, ಕಾಗದವನ್ನು ಒಂದು ಅಂಚಿನಲ್ಲಿ ಮಡಿಸಿ ಜರುಗದಂತೆ ಭದ್ರಪಡಿಸಿ, ಹದವಾದ ಬಿಸಿಯಲ್ಲಿ ಒತ್ತಿದೆವು. ಗೆರೆಗಳು ಇಳಿದುವು.

ತಿನ್ನಿಸುವಾಗ ಫೆರಿಕ್ ಕ್ಲೋರೈಡಿನ ಕಬ್ಬಿಣವು ತಾಮ್ರದಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಂಡು ತಾನು ಫೆರಸ್ ರೂಪಕ್ಕೆ ಇಳಿಯುತ್ತದೆ. ತಾಮ್ರ ಕ್ಲೋರೈಡಾಗಿ ದ್ರಾವಣಕ್ಕೆ ಸೇರುತ್ತದೆ. ಕಂದು ಬಣ್ಣದ ನೀರು ಬರಬರುತ್ತ ಕಪ್ಪು ಹಸಿರಾಗುತ್ತದೆ. ಈ ಹಸಿರು ನೀರನ್ನು ಮೋರಿಗೆ ಸುರಿಯುವ ರೂಢಿಯನ್ನು ನಾವು ಪ್ರಯೋಗಾಲಯಗಳಲ್ಲಿಯೇ ಕಂಡಿದ್ದೇವೆ. ಕರಗಿದ ತಾಮ್ರ ಮೀನಿಗೂ ಪಾಚಿಗೂ ವಿಷ. ಬಟ್ಟೆಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ತಾಮ್ರವೂ ಕಬ್ಬಿಣವೂ ಕೆಸರಾಗಿ ತಳಕ್ಕೆ ಇಳಿಯುತ್ತವೆ. ಆ ಕೆಸರನ್ನು ಒಣಗಿಸಿ ಅಪಾಯಕರ ಕಸದವರಿಗೆ ಒಪ್ಪಿಸಬೇಕು. ಅಧ್ಯಾಪಕರು ಇದನ್ನು ಪ್ರಯೋಗದ ಒಂದು ಅಂಗವೆಂದೇ ಕಲಿಸುವುದು ಅಗತ್ಯ.

ಈಗ ಚೀನಾದ ಕಾರ್ಖಾನೆಗಳು ಅಲ್ಪ ಬೆಲೆಗೆ, ಕೆಲವೇ ದಿನಗಳಲ್ಲಿ, ರಂಧ್ರಗಳ ಸಹಿತ ಹಲಗೆಗಳನ್ನು ಮಾಡಿ ಕಳುಹಿಸುತ್ತವೆ. ಇಸ್ತ್ರಿಪೆಟ್ಟಿಗೆಯ ವಿದ್ಯೆ ಹಿಂದೆ ಸರಿಯುತ್ತಿದೆ. ನಮ್ಮ ಮೂರನೆಯ ಹಲಗೆ ವಿಭಾಗದ ಗಾಜಿನ ಕಪಾಟಿನಲ್ಲಿದೆ. ಕೋರ್ನೈ ಮಾಡಿದಂತೆ ನಾವೂ ಅದರ ಮೂಲೆಯಲ್ಲಿ ದಿನಾಂಕವನ್ನು ಬರೆದಿದ್ದೆವು. ಮಂಡಲದ ಗೆರೆಗಳು ಎಲ್ಲವೂ ಸರಿಯಾಗಿವೆ, ದೀಪಗಳೂ ಬೆಳಗುತ್ತವೆ. ಆದರೆ ನಕ್ಷೆಯನ್ನು ತಿರುಗಿಸದೆ ಅಚ್ಚುಮಾಡಿದಾಗ ಅಕ್ಷರಗಳನ್ನಾದರೂ ತಿರುಗಿಸಬೇಕಾಗಿತ್ತೆಂಬುದು ಮರೆತುಹೋದುದರಿಂದ, ದಿನಾಂಕವನ್ನು ಓದಬೇಕಾದರೆ ಕನ್ನಡಿ ಹಿಡಿಯಬೇಕು.